ಜಡ್ಡಿಯ ಕಪ್ಪೆಗೆ ಸಿಕ್ಕ ದುಡ್ಡು: ರಫರ್ಡ್ ಫೌಂಡೇಶನ್ ಅನುದಾನದ ಬಗ್ಗೆ

ನನ್ನ ಫೆಲೋಶಿಪ್ ಮುಗಿದಾಗ ಫೀಲ್ಡ್ ಕೆಲಸ ಅರ್ಧವೂ ಆಗಿರಲಿಲ್ಲ. ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) 2 ವರ್ಷ, ಸೀನಿಯರ್ (ಎಸ್‌ಆರ್‌ಎಫ್) 3 ವರ್ಷ, ಅಲ್ಲಿಗೆ ಮುಗಿಯಿತು. ಅದರಲ್ಲಿ ಎರಡು ಮಳೆಗಾಲ ಕೋವಿಡ್ ತಿಂದುಹಾಕಿತ್ತು. ಕಪ್ಪೆ ಹುಡುಕುವವರಿಗೆ ಮಳೆಗಾಲ ಹೋದರೆ ವರ್ಷವೇ ಹೋದಂತೆ.

ನಾನು ಕೆಲಸ ಮಾಡುವುದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನ ಮತ್ತು ಸುತ್ತಲಿನ ರಾಮಪತ್ರೆ (ಕಾಡು ಜಾಯಿಕಾಯಿ ಜಾತಿಯ ಮರ) ಜಡ್ಡಿಗಳಲ್ಲಿ. ಜಡ್ಡಿ ಅಂದರೆ ವರ್ಷಪೂರ್ತಿ ನೀರು ಜಿನುಗುವ ಕಾಡಿನ ಜೌಗು. ಅಲ್ಲಿನ ಮರಗಳು ಉಸಿರಾಡಲು ಬೇರನ್ನು ಮೊಣಕಾಲಿನ ಹಾಗೆ ಮಡಚಿ ಕೆಸರಿನಿಂದ ಮೇಲೆ ಚಾಚುತ್ತವೆ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಇಲ್ಲಿನದೇ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗಾಲಲ್ಲಿ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ, ಅದಕ್ಕೇ ಆ ಹೆಸರು. ಮೊದಲ ಸಲ ಟಾರ್ಚ್ ಬೆಳಕಲ್ಲಿ ಅದನ್ನು ನೋಡಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ದುಡ್ಡು ಹುಡುಕಲು ಹೊರಟಾಗ ಮೊದಲು ಗೊತ್ತಾದದ್ದು ಇದು: ದೊಡ್ಡ ಸರ್ಕಾರಿ ಅನುದಾನಗಳಿಗೆ ಪ್ರಧಾನ ಸಂಶೋಧಕರಾಗಿ ಅರ್ಜಿ ಹಾಕಲು ಸಾಮಾನ್ಯವಾಗಿ ಕಾಯಂ ಹುದ್ದೆ ಬೇಕು. ವಿಜ್ಞಾನ ಸಂಶೋಧನೆಗೆ ಹಣ ಕೊಡಲು ಮೊದಲಿದ್ದ ಕೇಂದ್ರ ಸರ್ಕಾರದ ಮಂಡಳಿ ಎಸ್‌ಇಆರ್‌ಬಿ ಈಗ 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಒಳಗೆ ಸೇರಿದೆ. ನನ್ನಂಥ ಪಿಎಚ್‌ಡಿ ವಿದ್ಯಾರ್ಥಿ ಆ ಬಾಗಿಲಿಗೆ ಗೈಡ್ ಮೂಲಕವೇ ಹೋಗಬೇಕು. ನನಗೆ ಬೇಕಾಗಿದ್ದದ್ದು ಅಷ್ಟು ದೊಡ್ಡ ಮೊತ್ತವೂ ಅಲ್ಲ. ಒಂದು ಮಳೆಗಾಲದ ಜೀಪ್ ಬಾಡಿಗೆ, ರಾತ್ರಿ ಜೊತೆಗೆ ಬರುವ ಇಬ್ಬರ ಕೂಲಿ, ನೀರಿನ ಮಟ್ಟ ಅಳೆಯುವ ಸಾಮಾನು, ಬ್ಯಾಟರಿ, ಉಂಬಳ ಹತ್ತದ ಕಾಲುಚೀಲ. ಇಷ್ಟೇ.

ಹಿರಿಯ ಗೆಳತಿಯೊಬ್ಬರು ರಫರ್ಡ್ ಹೆಸರು ಹೇಳಿದರು. ಇದು ಲಂಡನ್ನಿನ ಸಂಸ್ಥೆ. ಬಡ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿ ಪ್ರಕೃತಿ ಉಳಿಸುವ ಸಣ್ಣ ಯೋಜನೆಗಳಿಗೆ ಹಣ ಕೊಡುತ್ತದೆ. ಮೊದಲ ಸಣ್ಣ ಅನುದಾನ, ಆಮೇಲೆ ಎರಡನೆಯದು, ಮುಂದೆ ಬೂಸ್ಟರ್, ಕೊನೆಗೆ ಕಂಪ್ಲೀಷನ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ಕಾಯಂ ಹುದ್ದೆ ಕೇಳುವುದಿಲ್ಲ. ನಿಮ್ಮ ಕೆಲಸ ಬಲ್ಲ ಮೂವರು ನಿಮ್ಮ ಪರವಾಗಿ ಬರೆಯಬೇಕು, ಇದು ಕಡ್ಡಾಯ. ಈ ಮೂವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಮೇಷ್ಟ್ರ ಹಿಂದೆ ಓಡುವ ಕಷ್ಟ ನನಗೆ ಗೊತ್ತು.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವರ ಜಾಲತಾಣ. ಹಿಂದೆ ಹಣ ಪಡೆದವರ ಯೋಜನೆಗಳು, ಅವರು ಕೊಟ್ಟ ವರದಿಗಳ ಸಮೇತ, ಅಲ್ಲಿ ಯಾರು ಬೇಕಾದರೂ ಓದುವ ಹಾಗೆ ಇವೆ. ದೇಶದ ಹೆಸರು ಹಾಕಿ ಹುಡುಕಬಹುದು. ನಾನು ಹದಿನೈದು ದಿನ ಬೇರೇನೂ ಮಾಡದೆ ಪಶ್ಚಿಮ ಘಟ್ಟದ ವರದಿಗಳನ್ನೇ ಓದಿದೆ. ಯಾರು ಏನು ಮಾಡುತ್ತೇವೆ ಅಂದಿದ್ದರು, ಅದರಲ್ಲಿ ಏನು ಆಯಿತು, ಏನು ಆಗಲಿಲ್ಲ, ಎಲ್ಲ ಇದೆ. ಅರ್ಜಿ ಬರೆಯುವ ಬಗ್ಗೆ ಯಾವ ಕಾರ್ಯಾಗಾರದಲ್ಲೂ ನನಗೆ ಇಷ್ಟು ಕಲಿಯಲು ಸಿಕ್ಕಿರಲಿಲ್ಲ. ನೀವು ಅರ್ಜಿ ಹಾಕದಿದ್ದರೂ ಪರವಾಗಿಲ್ಲ, ಈ ವರದಿಗಳನ್ನು ಓದಿ.

ನನ್ನ ಮೊದಲ ಕರಡು ಬರೀ ಕಪ್ಪೆಯ ಬಗ್ಗೆ ಇತ್ತು. ಎಷ್ಟು ಮೊಟ್ಟೆ, ಯಾವ ಎತ್ತರ, ಎಷ್ಟು ಕೆಸರು. ಆದರೆ ರಫರ್ಡ್ ನಿಯಮ ಸ್ಪಷ್ಟ: ಸಂರಕ್ಷಣೆಗೆ ಏನೂ ಉಪಯೋಗವಿಲ್ಲದ ಶುದ್ಧ ಸಂಶೋಧನೆಗೆ ಹಣ ಇಲ್ಲ. ಸಮ್ಮೇಳನಕ್ಕೆ ಹೋಗಿಬರಲೂ ಇಲ್ಲ. ಹಣದ ಹೆಚ್ಚಿನ ಪಾಲು ಫೀಲ್ಡಿಗೇ ಹೋಗಬೇಕು. ಈ ಸಾಲು ಓದಿ ಮೊದಲು ಬೇಜಾರಾಯಿತು. ಆಮೇಲೆ ನನ್ನನ್ನೇ ಕೇಳಿಕೊಂಡೆ, ನನ್ನ ಥೀಸಿಸ್‌ನಿಂದ ಈ ಜಡ್ಡಿಗೆ ಏನು ಸಿಗುತ್ತದೆ? ಉತ್ತರ ಇರಲಿಲ್ಲ.

ಉತ್ತರ ಹುಡುಕಲು ಕಾಡಿನ ಕೆಳಗಿನ ತೋಟಗಳಿಗೆ ಹೋದೆ. ಜಡ್ಡಿಯ ನೀರನ್ನು ಅಡಿಕೆ ತೋಟಕ್ಕೆ, ಗದ್ದೆಗೆ ತಿರುಗಿಸುವುದು ಇಲ್ಲಿ ತಲೆಮಾರುಗಳಿಂದ ಇದೆ. ಎಷ್ಟೋ ಜಡ್ಡಿಗಳು ಹೀಗೇ ತೋಟವಾಗಿವೆ. ಒಬ್ಬ ತೋಟದ ಯಜಮಾನರು ಕವಳ ಹಾಕುತ್ತಾ ಕೇಳಿದರು, "ತಂಗೀ, ಕಪ್ಪೆಗೆ ನೀರು ಬಿಟ್ರೆ ತೋಟಕ್ಕೆ ಎಂತ ಮಾಡದು?" ನನ್ನ ಹೊಸ ಅರ್ಜಿ ಹುಟ್ಟಿದ್ದು ಆ ಪ್ರಶ್ನೆಯಿಂದ. ಬೇಸಿಗೆಯಲ್ಲಿ ಯಾವ ತಿಂಗಳು ಎಷ್ಟು ನೀರು ಉಳಿದರೆ ಜಡ್ಡಿ ಬದುಕುತ್ತದೆ, ತೋಟಕ್ಕೆ ಎಷ್ಟು ಸಾಕು, ಎರಡನ್ನೂ ಅಳೆಯುವುದು. ಕಪ್ಪೆ ಅದರೊಳಗೇ ಬಂತು.

ಹಣ ಮಂಜೂರಾದ ಇಮೇಲ್ ಬಂದಾಗ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ನಮ್ಮ ದೇಶದಲ್ಲಿ ಅರ್ಜಿ ಹಾಕುವವರು ಮೊದಲೇ ತಿಳಿಯಬೇಕಾದ ಮಾತೊಂದಿದೆ. ವಿದೇಶಿ ಹಣ ನೇರವಾಗಿ ನಿಮ್ಮ ಉಳಿತಾಯ ಖಾತೆಗೆ ಬರುತ್ತದೆ ಅಂದುಕೊಳ್ಳಬೇಡಿ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ಅದಕ್ಕಾಗಿ ನೋಂದಣಿ ಇರುವ ಸಂಸ್ಥೆಯೊಂದರ ಆಶ್ರಯ ಹುಡುಕಬೇಕು. 2020ರ ತಿದ್ದುಪಡಿ ಆದ ಮೇಲೆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚಕ್ಕೆ ಮೊದಲು ಶೇ. 50ರ ತನಕ ಅವಕಾಶ ಇತ್ತು, ಈಗ ಶೇ. 20 ಮಾತ್ರ. ಈ ಲೆಕ್ಕ ಗೊತ್ತಿದ್ದದ್ದು ನನ್ನನ್ನು ಉಳಿಸಿತು. ನಾನು ಕೇಳಿದ ಮೊದಲ ಸಂಸ್ಥೆ, ಹೆಸರು ಬೇಡ, ಮೂರನೇ ಒಂದು ಪಾಲು ಕಚೇರಿ ಖರ್ಚಿಗೆ ಬೇಕು ಅಂದಿತು. ಒಪ್ಪಿದ್ದರೆ ಜೀಪಿಗೇ ದುಡ್ಡು ಉಳಿಯುತ್ತಿರಲಿಲ್ಲ. ಎರಡನೆಯವರು ಒಳ್ಳೆಯವರು. ಈ ಹುಡುಕಾಟಕ್ಕೇ ನಾಲ್ಕು ತಿಂಗಳು ಹಿಡಿಯಿತು. ಹಾಗಾಗಿ ಅರ್ಜಿ ಬರೆಯುವ ಮೊದಲು ಆಶ್ರಯ ಕೊಡುವ ಸಂಸ್ಥೆ ನೋಡಿ, ಅವರ ನೋಂದಣಿ ಚಾಲ್ತಿಯಲ್ಲಿದೆಯಾ ಕೇಳಿ, ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಕಾಡಿಗೆ ಹೋಗಲು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಅರಣ್ಯ ಭವನದ ಅನುಮತಿ ಬೇರೆ. ಅದಕ್ಕೂ ಸಮಯ ಇಟ್ಟುಕೊಳ್ಳಿ.

ಯಾರಿಗೆ ಇದು ಹೊಂದುವುದಿಲ್ಲ? ಲ್ಯಾಬಿನಲ್ಲಿ ಡಿಎನ್‌ಎ ಕೆಲಸವೇ ಜಾಸ್ತಿ ಇದ್ದರೆ ಬೇರೆ ಕಡೆ ನೋಡಿ. ಇದನ್ನೇ ನಂಬಿ ಮನೆ ನಡೆಸಲೂ ಆಗುವುದಿಲ್ಲ. ಆ ವರ್ಷ ನಾನು ಸಂಜೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಟ್ಯೂಷನ್ ಹೇಳಿದೆ. ಆದರೆ ಒಂದು ಕಾಡು, ಒಂದು ಹಳ್ಳ, ಒಂದು ಪ್ರಾಣಿಯ ಬಗ್ಗೆ ನಿಜವಾಗಿ ಏನಾದರೂ ಮಾಡಬೇಕು ಅನ್ನುವ ಆಸೆ ಇದ್ದು, ಕೈಯಲ್ಲಿ ಹುದ್ದೆ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಬಾಗಿಲು ನನಗೆ ಸಿಗಲಿಲ್ಲ.

ವರದಿಯ ಇಂಗ್ಲಿಷ್ ಪ್ರತಿ ಲಂಡನ್ನಿಗೆ ಹೋಗಿದೆ. ಕನ್ನಡದ ಎಂಟು ಪುಟಗಳನ್ನು ಆ ತೋಟದ ಯಜಮಾನರಿಗೂ, ಇನ್ನು ಹನ್ನೊಂದು ಮನೆಗಳಿಗೂ ಕೊಟ್ಟು ಬಂದೆ. ಯಜಮಾನರು ಈ ಬೇಸಿಗೆಯಲ್ಲಿ ತೋಟಕ್ಕೆ ನೀರು ತರುವ ಮೇಲಿನ ಕಾಲುವೆಯನ್ನು ವಾರಕ್ಕೆ ಮೂರು ದಿನ ಮುಚ್ಚುತ್ತೇನೆ ಅಂದಿದ್ದಾರೆ. ನೀರಿನ ಮಟ್ಟ ಅಳೆಯುವ ಪಟ್ಟಿಯನ್ನು ಅಲ್ಲೇ ನೆಟ್ಟಿದ್ದೇನೆ, ಏಪ್ರಿಲ್‌ನಲ್ಲಿ ಹೋಗಿ ನೋಡಬೇಕು.