ಒಂದೇ ಯೆಜ್ದಿ, ಮೂರು ಬಗೆಯ ಚೈನು: ಮುಚ್ಚಿದ್ದು, ತೆರೆದದ್ದು, ಓ-ರಿಂಗ್‌ನದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ದಿ ಗಾಡಿಗಳಲ್ಲಿ ಬಹುಪಾಲಿನವುಗಳ ಹಿಂದಿನ ಚೈನು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಿಂಗಾಲಿಯ ಸ್ಪ್ರಾಕೆಟ್ಟಿನಿಂದ, ಅಂದರೆ ಚೈನು ಕೂರುವ ಹಲ್ಲುಚಕ್ರದಿಂದ, ಗೇರ್‌ಬಾಕ್ಸ್‌ವರೆಗೆ ಅದು ತಗಡಿನ ಕವರ್ ಮತ್ತು ರಬ್ಬರ್ ತೋಳುಗಳ ಒಳಗೇ ಓಡುತ್ತಿತ್ತು. ನನ್ನ ರೋಡ್‌ಕಿಂಗ್ ಅನ್ನು ಕಚ್ಚಾ ದಾರಿಗೂ ಸಲ್ಲುವ ಸ್ಕ್ರಾಂಬ್ಲರ್ ರೂಪಕ್ಕೆ ತಿರುಗಿಸುವಾಗ ಅಂದ ಕೆಡಿಸುತ್ತದೆಂದು ನಾನು ಮೊದಲು ಕಿತ್ತೆಸೆದದ್ದು ಆ ಕವರ್ ಅನ್ನೇ. ಅದರ ಜೊತೆಗೆ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಉದ್ದವಾದವು, ಹಿಂಗಾಲಿಯ ರಿಮ್ ಅಗಲವಾಯಿತು. ಹೀಗಾಗಿ ಒಂದೇ ಗಾಡಿಯಲ್ಲಿ ಮುಚ್ಚಿದ ಸಾದಾ ಚೈನು, ತೆರೆದ ಸಾದಾ ಚೈನು ಮತ್ತು ತೆರೆದ ಓ-ರಿಂಗ್ ಚೈನು, ಈ ಮೂರನ್ನೂ ಓಡಿಸಿ ನೋಡುವ ಸಂದರ್ಭ ನನಗೆ ಒದಗಿತು. ಮೂರೂ 428 ಅಳತೆಯವೇ, ಅಂದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, 12.7 ಮಿ.ಮೀ.

ಮುಚ್ಚಿದ ಚೈನಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಅದು ನನ್ನನ್ನು ಕಾಡಿದ್ದೇ ಕಡಿಮೆ. ಗ್ರೀಸ್ ಹಚ್ಚಿ ಮುಚ್ಚಿಟ್ಟರೆ ಹುಣಸೂರು ದಾಟಿ ಮಡಿಕೇರಿಯವರೆಗೆ ಮಳೆಯಲ್ಲಿ ಹೋಗಿ ಬಂದರೂ ಒಳಗೆ ಕೆಸರಿನ ಸುಳಿವಿರುತ್ತಿರಲಿಲ್ಲ. ಅದರ ದೋಷವೂ ಅದೇ ಮುಚ್ಚಳದಲ್ಲಿದೆ: ಚೈನು ಸಡಿಲವಾದರೂ ಕಾಣುವುದಿಲ್ಲ, ಕವರಿನೊಳಗೆ ತಗಡಿಗೆ ಬಡಿಯುವ ಟಕಟಕ ಸದ್ದು ಕೇಳಿದ ಮೇಲೆಯೇ ಗೊತ್ತಾಗುತ್ತದೆ, ಮತ್ತು ರಬ್ಬರ್ ತೋಳು ಹಳತಾಗಿ ಸೀಳಿದ್ದರೆ ಒಳಗೆ ಹೋದ ನೀರು ಹೊರಬರಲಾರದೆ ಅಲ್ಲಿಯೇ ನಿಂತು ತುಕ್ಕು ಹಿಡಿಸುತ್ತದೆ.

ಕವರ್ ತೆಗೆದ ಮೇಲೆ ಅದೇ ಬಗೆಯ ಸಾದಾ ಚೈನಿನ ಸ್ವಭಾವವೇ ಬದಲಾಯಿತು. ವಾರಕ್ಕೊಮ್ಮೆ ಎಣ್ಣೆ ಬೇಕು, ಮಳೆಯಲ್ಲಿ ನೆನೆದರೆ ಅದೇ ಸಂಜೆ ಬೇಕು. 90 ನಂಬರಿನ ಗೇರ್ ಆಯಿಲ್ ಮತ್ತು ಸ್ಪ್ರೇ ಡಬ್ಬಿಯ ಚೈನ್ ಲೂಬ್ ಎರಡನ್ನೂ ಹಾಕಿ ನೋಡಿದೆ. ಸ್ಪ್ರೇ ಸಿಡಿಯುವುದಿಲ್ಲ ನಿಜ, ಆದರೆ ನಾನು ಕೊಂಡಿದ್ದ ಅಂಟು ಬಗೆಯದು ಹೊಲದ ದಾರಿಯ ಧೂಳನ್ನು ಹಿಡಿದು ಸಾಣೆ ಹಿಡಿಯುವ ಹಿಟ್ಟಿನಂತಾಯಿತು. ಗೇರ್ ಆಯಿಲ್ ರಿಮ್ಮಿನ ಮೇಲೆ ಚುಕ್ಕೆಗಳನ್ನು ಹಾರಿಸುತ್ತದೆ. ಅದಕ್ಕೆ ಉಪಾಯವೆಂದರೆ ಓಡಿಸಿ ಬಂದು ಚೈನು ಬೆಚ್ಚಗಿರುವಾಗಲೇ ಒಳಬದಿಯ ರೋಲರ್‌ಗಳ ಮೇಲೆ ಹನಿ ಹನಿಯಾಗಿ ಬಿಟ್ಟು, ರಾತ್ರಿಯಿಡೀ ಇಳಿಯಲು ಸಮಯ ಕೊಟ್ಟು, ಬೆಳಗ್ಗೆ ಹೆಚ್ಚಾದದ್ದನ್ನು ಹಳೆ ಬಟ್ಟೆಯಿಂದ ಒರೆಸುವುದು. ಅಗ್ಗದ ಈ ಎಣ್ಣೆಯೇ ನನಗೆ ಹಿಡಿಸಿತು. ಇನ್ನು, ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಗಾಲಿ ತಿರುಗಿಸುತ್ತ ಎಣ್ಣೆ ಬಿಡುವವರನ್ನು ಕಂಡಿದ್ದೇನೆ. ಬಟ್ಟೆಯ ಜೊತೆ ಬೆರಳೂ ಹಲ್ಲಿನೊಳಗೆ ಹೋಗಲು ಒಂದು ಕ್ಷಣ ಸಾಕು.

ಓ-ರಿಂಗ್ ಚೈನಿನಲ್ಲಿ ಪಿನ್ನು ಮತ್ತು ಬುಷ್ಷಿನ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಎರಡೂ ಬದಿ ರಬ್ಬರ್ ಬಳೆ ಹಾಕಿ ಮುಚ್ಚಿರುತ್ತಾರೆ. ಒಂದು ರೀತಿಯಲ್ಲಿ ಹಳೆಯ ಜಾವಾದ ಕವರನ್ನೇ ಚಿಕ್ಕದು ಮಾಡಿ ಪ್ರತಿ ಕೊಂಡಿಗೂ ತೊಡಿಸಿದಂತೆ. ಬಿಗಿ ಮಾಡುವ ಕೆಲಸ ಸಾದಾ ಚೈನಿಗಿಂತ ಬಹಳ ವಿರಳವಾಯಿತು. ಆದರೆ ಬೆಲೆ ಹೆಚ್ಚು, ಕೈಯಿಂದ ಗಾಲಿ ತಿರುಗಿಸಿದರೆ ತುಸು ಭಾರ, ತೊಳೆಯಲು ಪೆಟ್ರೋಲ್ ಹಾಗೂ ತಂತಿ ಬ್ರಷ್ ಸಲ್ಲದು. ಸೀಮೆಎಣ್ಣೆಯಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ಉಜ್ಜಿ ಬೇಗ ಒರೆಸಬೇಕು. ನಾನು ಎಣಿಸದೆ ಇದ್ದ ತೊಂದರೆ ಇನ್ನೊಂದು: ಅದರ ಪಿನ್ನುಗಳು ಉದ್ದವಾಗಿರುವುದರಿಂದ ಚೈನು ಸಾದಾದ್ದಕ್ಕಿಂತ ಸುಮಾರು 3 ಮಿ.ಮೀ ಹೆಚ್ಚು ಅಗಲ. ಗೇರ್‌ಬಾಕ್ಸ್ ಬಳಿ ಅಲ್ಯೂಮಿನಿಯಮ್ಮಿನ ಮೇಲೆ ಹೊಳೆಯುವ ಗೀರು ಮೂಡಿದಾಗ ಕಾರಣ ತಿಳಿಯಿತು, ಅರದಿಂದ ಉಜ್ಜಿ ಜಾಗ ಮಾಡಬೇಕಾಯಿತು.

ಆದರೆ ಇಷ್ಟೂ ಆಯ್ಕೆಗಳಿಗಿಂತ ಹೆಚ್ಚಿನ ವ್ಯತ್ಯಾಸ ಕಂಡದ್ದು ಬಿಗಿ ಮಾಡುವ ಎರಡು ಕ್ರಮಗಳ ನಡುವೆ. ಮೊದಲಿಗೆ ನಾನು ಮೂಲ ಗಾಡಿಗೆ ಬಿಡುತ್ತಿದ್ದಷ್ಟೇ ಸಡಿಲ, ಅಂದರೆ ಕೆಳಗಿನ ಚೈನಿನ ನಡುಮಧ್ಯದಲ್ಲಿ ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಸೇರಿ ಸುಮಾರು 25 ಮಿ.ಮೀ ಆಡುವಷ್ಟು ಬಿಟ್ಟೆ. ಒಬ್ಬನೇ ಕೂತಾಗ ಸರಿಯಿತ್ತು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹಂಪ್ ಹತ್ತಿಸಿದರೆ ಕುಂಯ್ ಎನ್ನುವ ದನಿ, ಕೆಲವು ವಾರಗಳಲ್ಲಿ ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿನ ಹಿಂದಿನ ಸೀಲಿನಿಂದ ಎಣ್ಣೆ. ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿನ ಕೇಂದ್ರ, ಸ್ವಿಂಗ್ ಆರ್ಮ್ (ಹಿಂಗಾಲಿಯನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ತಿರುಗುವ ಬೋಲ್ಟು, ಹಿಂಗಾಲಿಯ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಅತಿ ಹೆಚ್ಚು, ಚೈನೂ ಅತಿ ಬಿಗಿ. ಉದ್ದದ ಶಾಕ್‌ಗಳಿಂದ ನನ್ನ ಗಾಲಿ ಆ ಗೆರೆಗಿಂತ ಬಹಳ ಕೆಳಗಿರುವುದರಿಂದ ನಿಂತಾಗ ಸಡಿಲವೆನಿಸಿದ ಚೈನು ನಾವು ಕುಳಿತಾಗ ತಂತಿಯಾಗುತ್ತಿತ್ತು.

ಆದ್ದರಿಂದ ಎರಡನೆಯ ಕ್ರಮ ಹಿಡಿದೆ. ಗಾಡಿಯನ್ನು ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಗಾಲಿಯನ್ನು ಮೂರು ಬಿಂದುಗಳು ಸೇರುವವರೆಗೆ ಎತ್ತಿ ಅಡಿಗೆ ಇಟ್ಟಿಗೆ ಕೊಟ್ಟೆ. ಗಾಲಿಯನ್ನು ಒಂದು ಸುತ್ತು ತಿರುಗಿಸಿ ಚೈನು ಎಲ್ಲಿ ಅತಿ ಬಿಗಿಯೋ ಆ ಜಾಗದಲ್ಲಿ 10 ಮಿ.ಮೀ ಆಟ ಬಿಟ್ಟು ಆಕ್ಸಲ್ ನಟ್ ಬಿಗಿಸಿದೆ. ಶಾಕ್ ಮರಳಿ ಜೋಡಿಸಿ ಸೈಡ್ ಸ್ಟ್ಯಾಂಡಿನ ಮೇಲೆ ಅಳೆದರೆ 38 ಮಿ.ಮೀ ಬಂತು. ಈ ಗಾಡಿಗೆ ಸರಿಯಾದ ಅಂಕಿ ಅದು. ಪಕ್ಕದ ಮನೆಯ ಯೆಜ್ದಿಗೆ ಅದು ಸಲ್ಲದು.

ಗಾಲಿ ನೇರವಿದೆಯೇ ಎಂದು ನೋಡಲು ಸ್ವಿಂಗ್ ಆರ್ಮ್ ಮೇಲಿನ ಗುರುತುಗಳನ್ನೂ ಗಾರೆಯವರ ಲೈನ್ ದಾರವನ್ನೂ ಬಳಸಿದೆ. ಬೆಸುಗೆ ಕಂಡ ಸ್ವಿಂಗ್ ಆರ್ಮಿನಲ್ಲಿ ಗುರುತುಗಳು ಎರಡು ಬದಿಗೆ 4 ಮಿ.ಮೀ ಸುಳ್ಳು ಹೇಳುತ್ತಿದ್ದವು. ದಾರವು ಎರಡು ಗಾಲಿಗಳನ್ನು ಒಂದೇ ಸಾಲಿಗೆ ತರುತ್ತದೆ, ಆದರೆ ಒಂದು ಬದಿಗೆ ಸರಿಸಿ ಸ್ಪೋಕ್ ಕಟ್ಟಿದ ರಿಮ್ಮಿನಲ್ಲಿ ಗಾಲಿ ಸಾಲಿಗೆ ಬಂದರೂ ಸ್ಪ್ರಾಕೆಟ್ ಬರಲೇಬೇಕೆಂದಿಲ್ಲ. ಕೊನೆಗೆ ನಂಬಿದ್ದು ತಿರುಗುವ ಬೋಲ್ಟಿನಿಂದ ಆಕ್ಸಲ್‌ವರೆಗಿನ ದೂರವನ್ನು ಎರಡೂ ಬದಿ ಒಂದೇ ಕಡ್ಡಿಯಿಂದ ಅಳೆದು, ಹಿಂದಿನಿಂದ ಕುಕ್ಕರುಗಾಲಲ್ಲಿ ಕೂತು ಚೈನಿನ ಮೇಲೆ ಕಣ್ಣು ಹಾಯಿಸುವುದನ್ನು.

ಗಾಡಿಯನ್ನು ಮೂಲ ರೂಪದಲ್ಲಿ ಇಟ್ಟುಕೊಂಡವರು ಕವರ್ ತೆಗೆಯಲೇಬಾರದು. ತೆಗೆದವರಿಗೆ, ಎಂಜಿನ್ ಬದಿಯಲ್ಲಿ ಜಾಗವಿದ್ದರೆ ಓ-ರಿಂಗ್. ಇಲ್ಲದಿದ್ದರೆ ಸಾದಾ ಚೈನು ಮತ್ತು ಗೇರ್ ಆಯಿಲ್. ನಾನು ಓ-ರಿಂಗ್‌ನಲ್ಲೇ ಉಳಿದಿದ್ದೇನೆ. ಸ್ವಿಂಗ್ ಆರ್ಮ್ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ 38 ಎಂದು ಬರೆದಿಟ್ಟಿದ್ದೇನೆ, ಏಕೆಂದರೆ ಪಂಕ್ಚರ್ ಹಾಕಿಸಲು ಬಿಟ್ಟಾಗಲೆಲ್ಲ, “ಚೈನ್ ಲೂಸಿತ್ತು ಸಾರ್, ಟೈಟ್ ಮಾಡಿದೀನಿ” ಎಂಬ ಮಾತಿನೊಂದಿಗೇ ಗಾಡಿ ಕೈಗೆ ಬರುತ್ತದೆ.