ಆಪದ ಮಿತ್ರವೋ, ಗೃಹರಕ್ಷಕ ದಳವೋ?

2021ರ ತೌಕ್ತೆ ಚಂಡಮಾರುತ, 2024ರ ಶಿರೂರು ಗುಡ್ಡ ಕುಸಿತ ನೋಡಿದ ಮೇಲೆ ‘ನಾನೂ ಏನಾದ್ರೂ ಮಾಡಬೇಕು’ ಅನ್ನಿಸಿತಾ? ಕಾರವಾರದ ಕಡೆಯವರ ಮುಂದೆ ಎರಡು ದಾರಿ ಇವೆ.

ಆಪದ ಮಿತ್ರ ಅಂದರೆ ವಿಪತ್ತಿನ ಹೊತ್ತಲ್ಲಿ ನೆರವಾಗಲು ಊರಿನ ಸ್ವಯಂಸೇವಕರನ್ನು ತಯಾರು ಮಾಡುವ ಸರ್ಕಾರಿ ಯೋಜನೆ. ಇದರದ್ದು 12 ದಿನದ ತರಬೇತಿ. ಪ್ರಥಮ ಚಿಕಿತ್ಸೆ, ಹಗ್ಗದ ಗಂಟು, ನೀರಿಗೆ ಬಿದ್ದವರನ್ನು ಎಳೆಯುವುದು, ಕಂಬಳಿಯಲ್ಲೇ ಸ್ಟ್ರೆಚರ್ ಮಾಡುವುದು. ಲೈಫ್ ಜಾಕೆಟ್, ಟಾರ್ಚ್ ಇರುವ ಕಿಟ್ ಕೂಡ ಸಿಗುತ್ತದೆ. ಕಲಿಯುವುದೇನೋ ಸರಿ, ಆದರೆ ಕೈ ಮರೆಯುತ್ತದೆ. ಆರು ತಿಂಗಳು ಹಾಕದ ಗಂಟು ಕತ್ತಲಲ್ಲಿ, ಜಡಿಮಳೆಯಲ್ಲಿ ನೆನಪಾಗುವುದಿಲ್ಲ. ಮೀನುಗಾರರ ಮನೆಯವರ ಮಾತು ಬೇರೆ ಬಿಡಿ.

ಗೃಹರಕ್ಷಕ ದಳದಲ್ಲಿ ಸಮವಸ್ತ್ರ, ಕವಾಯತು, ಶಿಸ್ತು ಜಾಸ್ತಿ. ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ ಇದೆ. ಆದರೆ ಚುನಾವಣೆ, ಜಾತ್ರೆ ಬಂದೋಬಸ್ತಿಗೂ ಹೋಗಬೇಕು.

ಗಾಳಿ ನಿಂತ ಮೇಲೆ ಕೆಲಸ ಎರಡು ಕಡೆಯವರಿಗೂ ಹೆಚ್ಚು ಕಮ್ಮಿ ಒಂದೇ: ಬಿದ್ದ ಮರ ತೆಗೆಯುವುದು, ವಯಸ್ಸಾದವರನ್ನು ಕಾಳಜಿ ಕೇಂದ್ರಕ್ಕೆ ಮುಟ್ಟಿಸುವುದು. ಮರದಡಿ ವಿದ್ಯುತ್ ತಂತಿ ಇದ್ದರೆ, ಹೆಸ್ಕಾಂನವರು ಲೈನ್ ಬಂದ್ ಆಗಿದೆ ಅನ್ನುವ ತನಕ ಕೊಂಬೆಯನ್ನೂ ಮುಟ್ಟಬಾರದು.

ಕಾಲೇಜು, ನೌಕರಿ ಇದ್ದವರಿಗೆ ಆಪದ ಮಿತ್ರವೇ ಸರಿ ಅಂತ ನನಗನ್ನಿಸುತ್ತದೆ. ಕವಾಯತಿಗೆ ತಪ್ಪದೆ ಬರುವಷ್ಟು ಬಿಡುವಿದ್ದರೆ ಗೃಹರಕ್ಷಕ ದಳ. ಈಜು ಬರದಿದ್ದರೆ ಮೊದಲು ಅದನ್ನು ಕಲಿಯಿರಿ.