ಎಸ್‌ಕ್ಯೂಲೈಟ್: ವರ್ಷಗಟ್ಟಲೆ ಬಳಸಿದ ಮೇಲೆ

ಹಳ್ಳಿ ಡೈರಿಗಳ ಹಾಲಿನ ಲೆಕ್ಕಕ್ಕೆಂದು ಮಾಡಿದ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಮೊದಲಿನಿಂದ ಎಸ್‌ಕ್ಯೂಲೈಟ್ ಬಳಸುತ್ತಿದ್ದೇನೆ. ಇದು ಆ್ಯಪ್ ಒಳಗೇ ಕೂತು ಮಾಹಿತಿಯನ್ನು ಫೈಲಿನಲ್ಲಿ ಇಡುವ ಡೇಟಾಬೇಸ್. ಬೆಳಿಗ್ಗೆ ಯಾರು ಎಷ್ಟು ಲೀಟರ್ ಹಾಕಿದರು, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ಎಲ್ಲ ಫೋನಿನಲ್ಲೇ ಉಳಿಯಬೇಕು, ನೆಟ್ ಇರಲಿ ಬಿಡಲಿ. ಇಂಥ ಕೆಲಸಕ್ಕೆ ನಾನು ಬೇರೆ ಯಾವುದನ್ನೂ ಹುಡುಕುವುದಿಲ್ಲ.

ಭಾಷೆ, ಥೀಮ್ ಥರದ ಸಣ್ಣಪುಟ್ಟ ಸೆಟ್ಟಿಂಗ್‌ಗಳಿಗೆ ಡೇಟಾಸ್ಟೋರ್ (ಆಂಡ್ರಾಯ್ಡ್‌ನಲ್ಲಿ ಸಣ್ಣ ಮಾಹಿತಿ ಉಳಿಸುವ ಲೈಬ್ರರಿ) ಸಾಕು. ಆದರೆ ಯಾರಿಗೆ ಎಷ್ಟು ಬಟವಾಡೆ ಅಂತ ಲೆಕ್ಕ ಹಾಕೋದು ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಒಂದೇ ಕ್ವೆರಿ, ಅಂದರೆ ಒಂದೇ ಪ್ರಶ್ನೆ. ಬರೆಯುವಾಗ ಬ್ಯಾಟರಿ ಸತ್ತರೂ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬದಲಾವಣೆಗಳ ಗುಂಪು) ಪೂರ್ತಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅರ್ಧಂಬರ್ಧ ಲೆಕ್ಕ ಉಳಿಯಲ್ಲ. ಬೇರೆಯವರ ದುಡ್ಡಿನ ವಿಷಯ, ಇದು ಮುಖ್ಯ ಅಲ್ವಾ?

ಬಾಳಿಕೆಯನ್ನೂ ನೋಡಿ. ರೆಲ್ಮ್ ಅನ್ನುವ ಇನ್ನೊಂದು ಮೊಬೈಲ್ ಡೇಟಾಬೇಸ್ ಚೆನ್ನಾಗಿಯೇ ಇತ್ತು, 2019ರಲ್ಲಿ ಅದನ್ನು ಮಾಂಗೋಡಿಬಿ ಕಂಪನಿ ಕೊಂಡುಕೊಂಡಿತು, 2024ರಲ್ಲಿ ಅದರ ಸಿಂಕ್ (ಫೋನುಗಳ ಮಾಹಿತಿಯನ್ನು ಒಂದೇ ಸಮ ಇಡುವ) ಸೇವೆ ನಿಲ್ಲಿಸುವುದಾಗಿ ಹೇಳಿತು. ಎಸ್‌ಕ್ಯೂಲೈಟ್ 2000ದಿಂದ ಇದೆ, ಯಾರ ಲೈಸೆನ್ಸೂ ಬೇಕಿಲ್ಲ, 2050ರವರೆಗೆ ನೋಡಿಕೊಳ್ಳುವ ಉದ್ದೇಶವಿದೆ ಎಂದು ಮಾಡಿದವರೇ ಹೇಳಿದ್ದಾರೆ.

ಕನ್ನಡದ ಆ್ಯಪ್ ಮಾಡುವವರು ಇದನ್ನು ಗಮನವಿಟ್ಟು ಓದಿ. ಹುಡುಕಾಟಕ್ಕೆ ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕುವ ಭಾಗವಾದ ಎಫ್‌ಟಿಎಸ್5 ಹಾಕಿದರೆ, ಪಠ್ಯವನ್ನು ಪದಗಳಾಗಿ ಒಡೆಯುವ ಅದರ ಮಾಮೂಲಿ ಟೋಕನೈಸರ್ ಯೂನಿಕೋಡ್61 ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗ ಅಂದುಕೊಳ್ಳುತ್ತದೆ, ನಮ್ಮ ಗುಣಿತದ ಚಿಹ್ನೆ ಮತ್ತು ಒತ್ತು ಬಂದಲ್ಲೆಲ್ಲ ಪದವನ್ನು ಕತ್ತರಿಸುತ್ತದೆ. ‘ರಾಜು’ ಹೋಗಿ ‘ರ’, ‘ಜ’ ಆಗುತ್ತದೆ. ‘ರೋಜಾ’ ಕೂಡ ಅದೇ. ಹಾಗಾಗಿ ರಾಜು ಅಂತ ಹುಡುಕಿದರೆ ರೋಜಾನೂ ಬರುತ್ತಾಳೆ. ಟೇಬಲ್ ಮಾಡುವಾಗಲೇ ಯೂನಿಕೋಡ್61ರ ಕೆಟಗರೀಸ್ ಆಯ್ಕೆಯಲ್ಲಿ ಎಂಎನ್, ಎಂಸಿ (ಗುಣಿತದ ಚಿಹ್ನೆ, ಒತ್ತುಗಳು ಬರುವ ಯೂನಿಕೋಡ್ ವರ್ಗಗಳು) ಎರಡನ್ನೂ ಸೇರಿಸಿ, ಸರಿಹೋಗುತ್ತದೆ. ಫೋನಿನಲ್ಲಿರುವ ಎಸ್‌ಕ್ಯೂಲೈಟ್ ಆವೃತ್ತಿ ಒಂದೊಂದು ಆಂಡ್ರಾಯ್ಡ್‌ಗೆ ಒಂದೊಂದು ಥರ, ಅದಕ್ಕೇ ನಾನು ಆ್ಯಪ್ ಜೊತೆಗೇ ಒಂದನ್ನು ಕಟ್ಟಿ ಕಳಿಸುತ್ತೇನೆ. ಆ್ಯಪ್ ಸೈಜ್ ಸ್ವಲ್ಪ ಜಾಸ್ತಿಯಾಗುತ್ತದೆ, ಪರವಾಗಿಲ್ಲ.

ಬ್ಯಾಕಪ್‌ನಲ್ಲೂ ಹುಷಾರು. ವಾಲ್ ಮೋಡ್‌ನಲ್ಲಿ (ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ವಿಧಾನ) ಹೊಸ ದಾಖಲೆಗಳು ಪಕ್ಕದ ಇನ್ನೊಂದು ಫೈಲಿನಲ್ಲಿ ಇರಬಹುದು, ಸುಮ್ನೆ ಮುಖ್ಯ ಫೈಲ್ ಒಂದನ್ನೇ ಕಾಪಿ ಮಾಡಿದರೆ ಇವತ್ತಿನ ಹಾಲಿನ ಲೆಕ್ಕವೇ ಬಿಟ್ಟುಹೋಗಬಹುದು. ಡೇಟಾಬೇಸ್‌ನ ಪೂರ್ತಿ ನಕಲನ್ನು ಹೊಸ ಫೈಲಿಗೆ ಬರೆಯುವ ವ್ಯಾಕ್ಯೂಮ್ ಇಂಟು ಆಜ್ಞೆ ಬಳಸಿ. ರೂಮ್ (ಎಸ್‌ಕ್ಯೂಲೈಟ್ ಮೇಲೆ ಕೂರುವ ಆಂಡ್ರಾಯ್ಡ್ ಲೈಬ್ರರಿ) ಬಳಸುವವರು ಮೈಗ್ರೇಷನ್, ಅಂದರೆ ಹಳೆಯ ಟೇಬಲ್‌ಗಳನ್ನು ಹೊಸ ರೂಪಕ್ಕೆ ಬದಲಿಸುವ ಕೋಡ್, ಬರೆಯಲು ಬೇಜಾರಾಗಿ ಡಿಸ್ಟ್ರಕ್ಟಿವ್ ಆಯ್ಕೆ ಹಾಕಲೇಬೇಡಿ, ಮೈಗ್ರೇಷನ್ ಸಿಗದಿದ್ದರೆ ಅದು ಟೇಬಲ್‌ಗಳನ್ನೇ ಅಳಿಸಿಬಿಡುತ್ತದೆ.

ಎರಡು ಫೋನುಗಳ ನಡುವೆ ಸಿಂಕ್ ಬೇಕಿದ್ದರೆ ಇದೊಂದೇ ಸಾಲದು, ಅದನ್ನು ನೀವೇ ಕಟ್ಟಬೇಕು. ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗುಪ್ತವಾಗಿ ಬರೆಯುವುದು) ಕೂಡ ಉಚಿತ ಆವೃತ್ತಿಯಲ್ಲಿ ಇಲ್ಲ, ಅದಕ್ಕೆ ಎಸ್‌ಕ್ಯೂಲೈಟ್‌ಗೆ ಅದನ್ನು ಸೇರಿಸುವ ಎಸ್‌ಕ್ಯೂಎಲ್‌ಸೈಫರ್ ನೋಡಿ.